ಮೂರು ಸೊನ್ನೆ, ಒಂದು ಅರ್ಧ

ನಮ್ಮ ಶೀಳನೆರೆಯ ಕಡೆ ಯಾರಾದರೂ ಬೆಂಗಳೂರಿಗೆ ಹೊರಟರೆಂದರೆ ಅದಕ್ಕೆ ಕಾರಣ ಮೂರೋ ನಾಲ್ಕೋ ಅಷ್ಟೆ. ಆಸ್ಪತ್ರೆ, ಕೋರ್ಟು, ಮದುವೆ, ಇಲ್ಲವಾದರೆ ಮಗನಿಗೊಂದು ಕೆಲಸ. 'ಕೆಟ್ಟು ಪಟ್ಟಣ ಸೇರು' ಎಂದು ಗಾದೆ ಕಟ್ಟಿದ ಹಿರಿಯರು, ಸುಮ್ಮನೆ ನೋಡಿ ಬರಲು ಪಟ್ಟಣಕ್ಕೆ ಹೋಗು ಎಂದು ಎಲ್ಲೂ ಹೇಳಿದ ಹಾಗಿಲ್ಲ. ನೋಡುವ ಆಸೆಯಿದ್ದವರು ಮೈಸೂರಿಗೆ ಹೋಗುತ್ತಾರೆ, ಪುಣ್ಯ ಬೇಕಾದವರು ಮೇಲುಕೋಟೆಗೋ ಧರ್ಮಸ್ಥಳಕ್ಕೋ ಹೋಗುತ್ತಾರೆ. ಬೆಂಗಳೂರೆಂದರೆ ಮಾತ್ರ ಕಾಲಿಟ್ಟರೆ ನೂರು, ಕೈಯಿಟ್ಟರೆ ಐನೂರು ಎಂಬ ಭಯ. ಜೊತೆಯಲ್ಲಿ ಮಕ್ಕಳಿದ್ದರಂತೂ ಕೇಳುವುದೇ ಬೇಡ.

ಹಾಗಾಗಿ 2024ರ ದಸರಾ ರಜೆಯಲ್ಲಿ, ಹಬ್ಬ ಮುಗಿದ ಮೇಲೆ, ತಮ್ಮನ ಇಬ್ಬರು ಮಕ್ಕಳಿಗೆ ಬೆಂಗಳೂರು ತೋರಿಸಿಕೊಂಡು ಬರುತ್ತೇನೆ ಎಂದು ನಾನು ಹೇಳಿದಾಗ ತಮ್ಮ ಗಾಬರಿಯಾಗಿ ಕೇಳಿದ್ದು ಒಂದೇ ಮಾತು: "ಯಾಕಕ್ಕ, ಯಾರಿಗ್ ಹುಷಾರಿಲ್ಲ?"

ಯಾರಿಗೂ ಏನೂ ಆಗಿಲ್ಲವೆಂದು ನಂಬಿಸುವುದಕ್ಕೇ ಅರ್ಧ ದಿನ ಹಿಡಿಯಿತು. ದೊಡ್ಡವಳಿಗೆ ಒಂಬತ್ತು ವರ್ಷ, ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಚಿಕ್ಕವನಿಗೆ ಏಳು. ಕಬ್ಬಿನ ದುಡ್ಡು ಇನ್ನೂ ಬಂದಿರಲಿಲ್ಲವಾದ್ದರಿಂದ ಅವನನ್ನು ಕೇಳುವ ಹಾಗಿರಲಿಲ್ಲ. ನನ್ನ ಸಂಬಳದಲ್ಲಿ ಎರಡು ಸಾವಿರ ರೂಪಾಯಿ ತೆಗೆದಿಟ್ಟೆ. ಮಕ್ಕಳ ತಾಯಿಯನ್ನೂ ಹೊರಡಿಸಿದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವಳು ಬೆಂಗಳೂರನ್ನು ಕಂಡದ್ದು ಎರಡು ಸಲ, ಎರಡೂ ಸಲ ಆಸ್ಪತ್ರೆಯ ಕಿಟಕಿಯಿಂದ.

ಕೆ.ಆರ್. ಪೇಟೆಯಲ್ಲಿ ಬಸ್ಸು ಹತ್ತಿದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಕಂಡಕ್ಟರು ನಮ್ಮ ಆಧಾರ್ ಕಾರ್ಡು ನೋಡಿ ಮೂರು ಸೊನ್ನೆ ಟಿಕೆಟ್ಟು ಹರಿದುಕೊಟ್ಟು, ಕೊನೆಗೆ ಚಿಕ್ಕವನ ಕಡೆ ತಿರುಗಿ "ಯಜಮಾನ್ರುದು ಅರ್ಧ" ಎಂದರು. ನಮ್ಮ ನಾಲ್ವರಲ್ಲಿ ದುಡ್ಡು ಕೊಟ್ಟು ಪ್ರಯಾಣ ಮಾಡುವವನು ತಾನೊಬ್ಬನೇ ಎಂದು ತಿಳಿದದ್ದೇ ತಡ, ಅವನ ಗತ್ತೇ ಬೇರೆಯಾಯಿತು. "ನಾನ್ ಕಾಸ್ ಕೊಟ್ಟಿವ್ನಿ, ಕಿಟ್ಕಿ ನಂದೇಯ" ಎಂದು ಅಕ್ಕನನ್ನು ಎಬ್ಬಿಸಿ ಕೂತವನು ನಾಗಮಂಗಲ, ಬೆಳ್ಳೂರು ಕ್ರಾಸ್, ಕುಣಿಗಲ್ಲು ದಾಟಿ ನೆಲಮಂಗಲ ಬಂದರೂ ಬಿಟ್ಟುಕೊಡಲಿಲ್ಲ.

ಮಕ್ಕಳನ್ನು ಕಟ್ಟಿಕೊಂಡು ಕಡಿಮೆ ದುಡ್ಡಿನಲ್ಲಿ ಊರು ನೋಡುವುದಕ್ಕೆ ನಾನು ಮಾಡಿಕೊಂಡ ಕಟ್ಟಳೆಗಳು ಬಹಳವೇನಿಲ್ಲ. ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನದ ಮೇಲೆ ಒಂದು ಜಾಗ, ಅದಕ್ಕಿಂತ ಹೆಚ್ಚಿಗೆ ಹೋಗಬಾರದು. ಕಾಲು ನೋಯುವ ಮಗುವಿಗೆ ವಿಧಾನಸೌಧವೂ ಒಂದೇ, ಊರಿನ ಪಂಚಾಯಿತಿ ಕಟ್ಟಡವೂ ಒಂದೇ. ಚೀಲದಲ್ಲಿ ಚಪಾತಿ, ಪುಳಿಯೋಗರೆ, ಚಟ್ನಿಪುಡಿ, ಕೋಡುಬಳೆ ಇರಬೇಕು. ಹಸಿದ ಮಕ್ಕಳನ್ನು ಹೋಟೆಲಿನ ಬಾಗಿಲಿಗೆ ಕರೆದುಕೊಂಡು ಹೋಗುವುದೆಂದರೆ ಪರ್ಸನ್ನು ಬಿಚ್ಚಿ ಮೇಜಿನ ಮೇಲಿಟ್ಟ ಹಾಗೆ. ಇನ್ನೊಂದು, ಇಬ್ಬರ ಕೈಗೂ ನೂರು ನೂರು ರೂಪಾಯಿ. ಅದು ಅವರದೇ, ಹೇಗೆ ಬೇಕಾದರೂ ಖರ್ಚು ಮಾಡಬಹುದು, ಆದರೆ ಮತ್ತೆ ಕೇಳುವ ಹಾಗಿಲ್ಲ. ಇದರ ಮಹಿಮೆ ನೋಡಬೇಕು. "ಕೊಡ್ಸು, ಕೊಡ್ಸು" ಎನ್ನುತ್ತಿದ್ದ ಚಿಕ್ಕವನು ಮೂರು ದಿನವೂ ಪ್ರತಿ ಅಂಗಡಿಯ ಮುಂದೆ ನಿಂತು ರೇಟು ವಿಚಾರಿಸಿ, ನೋಟನ್ನು ಮುಟ್ಟಿ ನೋಡಿಕೊಂಡು, "ಇನ್ನೂ ವಸಿ ನೋಡ್ಮ" ಎಂದು ಮುಂದೆ ನಡೆಯುತ್ತಿದ್ದ.

ಉಳಿದುಕೊಂಡದ್ದು ವಿಜಯನಗರದ ಕಡೆ ಇರುವ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ. ಮೂರನೇ ಮಹಡಿಯ ಬಾಡಿಗೆ ಮನೆ. ಬರಿಗೈಯಲ್ಲಿ ಹೋಗಬಾರದೆಂದು ಒಯ್ದ ತೆಂಗಿನಕಾಯಿ, ಬೆಲ್ಲ, ರಾಗಿಹಿಟ್ಟಿನ ಭಾರಕ್ಕೆ ಮೆಟ್ಟಿಲೇ ನಡುಗಿದಂತಾಯಿತು. ಅವಳಿಗೂ ಒಂಬತ್ತು ವರ್ಷದ ಮಗಳಿದ್ದಾಳೆ. ಒಳ್ಳೆಯ ಹುಡುಗಿ. ಆದರೆ ಬಂದ ಅರ್ಧ ಗಂಟೆಯಲ್ಲೇ ನಮ್ಮ ದೊಡ್ಡವಳನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಇವಳು ನನ್ನ ಸೀರೆಯ ಹಿಂದೆ ಬಂದು ನಿಂತು ಕಿವಿಯಲ್ಲಿ ಉಸುರಿದಳು: "ಅತ್ತೆ, ನಾನು ಕನ್ನಡ ಮೀಡಿಯಂ ಅಂತ ಹೇಳ್ಬ್ಯಾಡಿ."

ಅದೇ ಸಂಜೆ ತಂಗಿ ಪ್ರೀತಿಯಿಂದ ನಮ್ಮನ್ನೆಲ್ಲ ಒಂದು ಮಾಲಿಗೆ ಕರೆದುಕೊಂಡು ಹೋದಳು. ಮೇಲಿನ ಅಂತಸ್ತಿನಲ್ಲಿ ಮಕ್ಕಳ ಆಟದ ಜಾಗ. ಬಣ್ಣದ ದೀಪಗಳು, ಗುದ್ದಾಡುವ ಪುಟ್ಟ ಕಾರುಗಳು. ಒಳಗೆ ಹೋಗಲು ಐನೂರು ರೂಪಾಯಿಯ ಕಾರ್ಡು ಮಾಡಿಸಬೇಕಂತೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡವಳು, "ನಂಗಿದೆಲ್ಲ ಇಷ್ಟ ಇಲ್ಲ ಅತ್ತೆ" ಎಂದುಬಿಟ್ಟಳು. ಮಾತು ನನ್ನ ಕಡೆ, ಕಣ್ಣು ಆ ಕಾರುಗಳ ಕಡೆ. ಚಿಕ್ಕವನಾದರೆ ಅತ್ತು ರಂಪ ಮಾಡಿದ. ಅಳುವ ಮಗುವಿನ ಚಿಂತೆ ಕಡಿಮೆ, ಸಮಾಧಾನ ಮಾಡಬಹುದು. ನಾವು ಇಲ್ಲವೆನ್ನುವ ಮೊದಲೇ ಬೇಡವೆನ್ನಲು ಕಲಿತುಬಿಟ್ಟ ಮಗುವನ್ನು ಏನೆಂದು ಸಮಾಧಾನ ಮಾಡುವುದು? ಮೂವತ್ತು ವರ್ಷದಿಂದ ತರಗತಿಯಲ್ಲಿ ಇಂಥ ಹೆಣ್ಣುಮಕ್ಕಳನ್ನು ನೋಡುತ್ತಲೇ ಬಂದಿದ್ದೇನೆ. ಪ್ರವಾಸದ ಚೀಟಿ ಕೊಟ್ಟಾಗ "ನಂಗ್ ವಾಂತಿ ಆಯ್ತದೆ ಮಿಸ್, ಬರಲ್ಲ" ಎನ್ನುವವರು ಇವರೇ.

ಮಾರನೆಯ ದಿನ ತುಂತುರು ಮಳೆಯಲ್ಲೇ ಕೊಡೆ ಹಿಡಿದು ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಲಾಲ್‌ಬಾಗಿಗೆ ಹೋದೆವು. ಅಲ್ಲೂ ಮೂರು ಸೊನ್ನೆ, ಒಂದು ಟಿಕೆಟ್ಟು. ಸುಮಾರು 240 ಎಕರೆಯ ತೋಟ, 1760ರಲ್ಲಿ ಹೈದರಾಲಿ ಹಾಕಿಸಲು ಶುರುಮಾಡಿದ್ದು. ಶ್ರೀರಂಗಪಟ್ಟಣದ ಹೈದರಾಲಿಯೇ ಎಂದು ಹೇಳಿದಾಗ ದೊಡ್ಡವಳು, "ನಮ್ಮ ಶ್ರೀರಂಗಪಟ್ಟಣವಾ?" ಎಂದು ತಿರುಗಿ ನೋಡಿದಳು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಹಾಕಿದ್ದು, ಲಂಡನ್ನಿನ ಗಾಜಿನ ಅರಮನೆಯ ಮಾದರಿಯದು ಎಂಬುದೆಲ್ಲ ಚಿಕ್ಕವನಿಗೆ ಬೇಕಾಗಲಿಲ್ಲ. ಅವನ ಮನಸ್ಸು ಗೆದ್ದದ್ದು ಬಂಡೆ. ಕೆಂಪೇಗೌಡರ ಗೋಪುರ ಹೊತ್ತು ನಿಂತ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಜಗತ್ತಿನ ಬಹಳ ಹಳೆಯ ಕಲ್ಲುಗಳಲ್ಲಿ ಅದೂ ಒಂದು. ಅವನು ಕೈಯಿಂದ ತಟ್ಟಿ ನೋಡಿ, "ಇಂಥದು ನಮ್ಮೂರಲ್ಲಿ ಬೇಕಾದಷ್ಟೈತೆ, ಅಲ್ ಯಾರೂ ಟಿಕೆಟ್ ಕೇಳಕಿಲ್ಲ" ಎಂದ. ಪಕ್ಕದಲ್ಲಿದ್ದ ಯಾರೋ ನಕ್ಕರು. ನಿಜವೇ ತಾನೆ! ದಕ್ಷಿಣ ಕರ್ನಾಟಕದ ಬಹುಭಾಗ ನಿಂತಿರುವುದು ಇದೇ ಜಾತಿಯ ಹಳೆಯ ಕಲ್ಲಿನ ಮೇಲೆ.

ಮಧ್ಯಾಹ್ನ ಒಂದು ಇಂದಿರಾ ಕ್ಯಾಂಟೀನಿನಲ್ಲಿ ಊಟ, ಒಬ್ಬರಿಗೆ ಹತ್ತು ರೂಪಾಯಿ. 2017ರಲ್ಲಿ ಇವು ಆರಂಭವಾದಾಗ ತಿಂಡಿಗೆ ಐದು, ಊಟಕ್ಕೆ ಹತ್ತು ಎಂದು ಕೇಳಿದ್ದೆ, ತಿಂದದ್ದು ಅಂದೇ ಮೊದಲು. ಅನ್ನ ಸಾಂಬಾರು ಬಿಸಿಯಾಗಿತ್ತು. ಆಮೇಲೆ ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಯನ್ನು ದೂರದಿಂದಲೇ ಮೂಸಿ, ಹತ್ತಿರದ ಟಿಪ್ಪುವಿನ ಮರದ ಅರಮನೆ ನೋಡಿದೆವು. 1781ರಲ್ಲಿ ಹೈದರಾಲಿ ಆರಂಭಿಸಿದ್ದನ್ನು 1791ರಲ್ಲಿ ಟಿಪ್ಪು ಮುಗಿಸಿದ. ನಮ್ಮ ದರಿಯಾ ದೌಲತ್ ನೋಡಿದ್ದ ಮಕ್ಕಳು ಕಂಬಗಳನ್ನು ಗುರುತು ಹಿಡಿದರು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲಿನಲ್ಲಿ ದೊಡ್ಡವಳು ತುಂಬ ಹೊತ್ತು ಹುಡುಕಿ, ತೊಂಬತ್ತು ಹೇಳಿದ್ದನ್ನು ಅರವತ್ತಕ್ಕೆ ಇಳಿಸಿ, ಒಂದು ಪುಟ್ಟ ಇಂಗ್ಲಿಷ್-ಕನ್ನಡ ನಿಘಂಟು ಕೊಂಡಳು. ಯಾಕೆಂದು ನಾನು ಕೇಳಲಿಲ್ಲ.

ಮೂರನೆಯ ದಿನ, ಅಕ್ಟೋಬರ್ 16, ಮೆಟ್ರೋ. ಇಲ್ಲಿ ಶಕ್ತಿ ನಡೆಯುವುದಿಲ್ಲ, ಎಲ್ಲರೂ ಟಿಕೆಟ್ಟು ತೆಗೆದುಕೊಳ್ಳಬೇಕು. ಯಜಮಾನರಿಗೆ ಸ್ವಲ್ಪ ಮುಖಭಂಗವಾಯಿತು. ಓಡುವ ಮೆಟ್ಟಿಲಿನ ಮುಂದೆ ತಮ್ಮನ ಹೆಂಡತಿ ಸೆರಗು ಬಿಗಿಹಿಡಿದು ಕಂಬದ ಹಾಗೆ ನಿಂತುಬಿಟ್ಟಳು. ಹಿಂದೆ ಜನ, ಮುಂದೆ ಮೆಟ್ಟಿಲು. ಆಗ ಸಮವಸ್ತ್ರದ ಹುಡುಗಿಯೊಬ್ಬಳು ಓಡಿಬಂದು ಅವಳ ಕೈ ಹಿಡಿದು ಹತ್ತಿಸಿ, ನನ್ನ ಕಡೆ ತಿರುಗಿ, "ಮಿಸ್, ನೀವಾ?" ಎಂದಳು. ನನ್ನಲ್ಲಿ ಏಳನೇ ತರಗತಿ ಓದಿದವಳು! ಈಗ ಅಲ್ಲಿ ಕಾವಲಿನ ಕೆಲಸವಂತೆ. "ಊರಲ್ಲಿ ಮಳೆ ಆಯ್ತಾ ಮಿಸ್?" ಎಂದು ಮೊದಲು ಕೇಳಿದ್ದು ಅದನ್ನೇ. ಇಷ್ಟು ದೊಡ್ಡ ಪಟ್ಟಣದ ಬಾಗಿಲಲ್ಲಿ ನಮ್ಮೂರ ಹುಡುಗಿ ನಿಂತಿದ್ದಾಳೆಂದು ನನಗೆ ಸಂತೋಷವೂ ಆಯಿತು, ಇನ್ನೇನೋ ಕೂಡ ಆಯಿತು.

ವಿಧಾನಸೌಧವನ್ನು ಹೊರಗಿನಿಂದ ನೋಡಿದೆವು. ಅದಕ್ಕೇನೂ ಕಾಸಿಲ್ಲ. 1956ರಲ್ಲಿ ಮುಗಿದ ಕಟ್ಟಡ, ಕಟ್ಟಿಸಿದವರು ಕೆಂಗಲ್ ಹನುಮಂತಯ್ಯ. ಅಲ್ಲಿಂದ ಕಬ್ಬನ್ ಪಾರ್ಕಿಗೆ ಕಾಲಿಡುವಷ್ಟರಲ್ಲಿ ಮಳೆ ಹೊಡೆಯಿತು. ಆ ವಾರ ಬೆಂಗಳೂರಿನಲ್ಲಿ ಎಂಥ ಮಳೆಯೆಂದು ಅಲ್ಲಿದ್ದವರಿಗೆ ನೆನಪಿರಬಹುದು. ಓಡಿ ಸೇರಿದ್ದು ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯದ ಮುಂದಿನ ಮಾಡಿನ ಕೆಳಗೆ. ಎದುರಿಗೆ ನೆನೆಯುತ್ತ ನಿಂತ ಪ್ರತಿಮೆ. "ಅದ್ಯಾರು ಅತ್ತೆ?" ಎಂದಳು ದೊಡ್ಡವಳು.

ದಿವಾನ್ ಶೇಷಾದ್ರಿ ಅಯ್ಯರ್. ಆ ಕಟ್ಟಡವೇ ಅವರ ನೆನಪಿನದು. ಮಳೆ ನಿಲ್ಲುವವರೆಗೆ ಕಥೆ ಹೇಳುವುದಲ್ಲದೆ ಬೇರೇನು ಕೆಲಸ? ಅವರ ಕಾಲದಲ್ಲಿ ಯೋಜನೆಯಾಗಿ, ನಮ್ಮ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಹುಟ್ಟಿತು, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಯಲ್ಲಿ ದೀಪವಾಗಿ ಉರಿಯಿತು, ಅದಕ್ಕೆ ಮೊದಲು ಇಲ್ಲಿ ಎಣ್ಣೆಯ ದೀಪ ಎಂದೆ. "ನೀರು?" ಎಂದಳು. ಮೊದಲು ಹೆಸರಘಟ್ಟದ ಕೆರೆಯಿಂದ, ಆಮೇಲೆ ತಿಪ್ಪಗೊಂಡನಹಳ್ಳಿಯಿಂದ. ಎರಡೂ ಸಾಲದೆ ಹೋದಾಗ, 1974ರಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. ನಮ್ಮ ಹೇಮಾವತಿಯೂ ಅಂಬಿಗರಹಳ್ಳಿಯ ಸಂಗಮದಲ್ಲಿ ಆ ಕಾವೇರಿಯನ್ನೇ ಸೇರುತ್ತಾಳಲ್ಲ. "ಅಂದ್ರೆ ಇಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ತಕಂಡ್ವಲ್ಲ ಬಾಟ್ಲು, ಅದೂ ನಮ್ದೇಯಾ?" ಎಂದ ಚಿಕ್ಕವನು. ಅದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಮಳೆ ಬಿಟ್ಟ ಮೇಲೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. 1962ರಲ್ಲಿ ನೆಹರೂ ಅವರು ಉದ್ಘಾಟಿಸಿದ್ದು. ನಮ್ಮ ಇಡೀ ಪ್ರವಾಸದಲ್ಲಿ ಟಿಕೆಟ್ಟಿಗೆ ಹೆಚ್ಚು ದುಡ್ಡು ಕೊಟ್ಟದ್ದು ಇಲ್ಲಿಯೇ, ಕೊಟ್ಟದ್ದಕ್ಕೆ ಮೋಸವಿಲ್ಲ. ಗುಂಡಿ ಒತ್ತಿದರೆ ತಿರುಗುವ ಯಂತ್ರಗಳನ್ನು ಬಿಟ್ಟು ಚಿಕ್ಕವನನ್ನು ಹೊರಡಿಸಲು ಮೂವರು ಬೇಕಾದೆವು. ಕನ್ನಂಬಾಡಿಯ ವಿಶ್ವೇಶ್ವರಯ್ಯನವರೇ ಇವರು ಎಂದು ನಾನು ಹೇಳಲು ಹೊರಟರೆ, ದೊಡ್ಡವಳು ಆಗಲೇ ತಮ್ಮನಿಗೆ ಹೇಳಿ ಮುಗಿಸಿದ್ದಳು.

ಆ ರಾತ್ರಿ ತಂಗಿಯ ಮನೆಯ ಟೀವಿಯಲ್ಲಿ ಸುದ್ದಿ. ಅಂದೇ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತದ ಉದ್ಘಾಟನೆ. ದಿನಕ್ಕೆ 77.5 ಕೋಟಿ ಲೀಟರ್ ನೀರು, ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆಂದು ಹೇಳುತ್ತಿದ್ದರು. ಅದೇ ವರ್ಷದ ಬೇಸಿಗೆಯಲ್ಲಿ ಊರಿನ ಬೋರುಗಳೆಲ್ಲ ಬತ್ತಿ, ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ್ದನ್ನು ತಂಗಿ ನೆನೆಸಿಕೊಂಡಳು. ಪರದೆಯ ಮೇಲೆ 'ಮಂಡ್ಯ' ಎಂಬ ಅಕ್ಷರ ಕಂಡು ನಮ್ಮ ದೊಡ್ಡವಳು ಎದ್ದು ನಿಂತು, "ಅದು ನಮ್ ಜಿಲ್ಲೆ" ಎಂದಳು. ತಂಗಿಯ ಮಗಳು ನಲ್ಲಿಯ ಕಡೆ ನೋಡಿ, "ಈ ನೀರು ನಿಮ್ಮೂರಿಂದ ಬರುತ್ತಾ?" ಎಂದು ಕನ್ನಡದಲ್ಲೇ ಕೇಳಿದಳು. ಶೇಷಾದ್ರಿ ಅಯ್ಯರ್ ಅವರಿಂದ ಹಿಡಿದು ತೊರೆಕಾಡನಹಳ್ಳಿಯವರೆಗೆ ಪಾಠ ಆರಂಭವಾಯಿತು. ನಡುವೆ ಚಿಕ್ಕವನು ಬಾಟಲಿಯ ಲೆಕ್ಕ ಕೇಳುತ್ತಿದ್ದ. ಕೊನೆಗೆ ತಂಗಿಯ ಮಗಳು, "ನಿಮ್ಮೂರಿಗೆ ನನ್ನನ್ನೂ ಕರ್ಕೊಂಡೋಗ್ತೀಯಾ?" ಎಂದಾಗ ಇವಳು ತುಸು ಯೋಚಿಸಿ ಹೇಳಿದಳು: "ಬಸ್ಸಿಗೆ ಕಾಸ್ ಬ್ಯಾಡ, ಬಾ. ಲಿಫ್ಟಿಲ್ಲ ಅಷ್ಟೆ."

ಊರಿಗೆ ಬಂದು ಲೆಕ್ಕ ಬರೆದೆ. ಮಕ್ಕಳ ಇನ್ನೂರೂ ಸೇರಿ ಖರ್ಚು 1,760 ರೂಪಾಯಿ. ಚಿಕ್ಕವನು ತನ್ನ ನೂರನ್ನು ಮುರಿಯದೆ ಹಾಗೇ ವಾಪಸು ತಂದು, ಕೆ.ಆರ್. ಪೇಟೆಯಲ್ಲಿ ಇಳಿದ ಕೂಡಲೇ ಅಪ್ಪನಿಗೊಂದು ಟವೆಲ್ಲು, ತನಗೊಂದು ಚೆಂಡು ಕೊಂಡ. ಟವೆಲ್ಲು ನಮ್ಮೂರ ಸಂತೆಯಲ್ಲೂ ಸಿಗುತ್ತಿತ್ತು ಎಂದು ಅವರಮ್ಮ ಈಗಲೂ ಹೇಳುತ್ತಾಳೆ.

ಮಕ್ಕಳಿಗೆ ಪಟ್ಟಣ ತೋರಿಸಲು ದುಡ್ಡು ಕೂಡಿಬರಲಿ ಎಂದು ಕಾಯುವ ತಾಯಂದಿರು ನಮ್ಮ ಊರುಗಳಲ್ಲಿ ಬಹಳ. ಕಾಯುವಷ್ಟರಲ್ಲಿ ಮಕ್ಕಳು ದೊಡ್ಡವರಾಗಿ, ಕೆಲಸ ಹುಡುಕಿಕೊಂಡು, ಭಯ ಹೊತ್ತುಕೊಂಡು ಅದೇ ಪಟ್ಟಣಕ್ಕೆ ಹೋಗಿಬಿಡುತ್ತಾರೆ. ನಮ್ಮ ನೀರು, ನಮ್ಮ ಬೆಲ್ಲ, ನಮ್ಮ ಮಕ್ಕಳು ಎಲ್ಲ ಆ ದಿಕ್ಕಿಗೇ ಹರಿಯುವುದು. ಕೈಯಲ್ಲಿ ಎಷ್ಟಿದೆ, ಎಷ್ಟಿಲ್ಲ ಎಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾದ್ದಿಲ್ಲ, ಅವರು ನಮಗಿಂತ ಮೊದಲೇ ಅರಿತಿರುತ್ತಾರೆ. ಹಾಗೆಯೇ ಆ ಪಟ್ಟಣದಲ್ಲಿ ತಮ್ಮದು ಏನೇನಿದೆ ಎಂಬುದನ್ನೂ ಅವರಿಗೆ ಹೇಳಿಕೊಡಬೇಕು. ಅದನ್ನು ಹೇಳಲು ಹೆಚ್ಚು ದುಡ್ಡು ಬೇಡ, ಮೂರು ದಿನದ ರಜೆ, ಒಂದು ಚೀಲ ಚಪಾತಿ, ಗಟ್ಟಿಯಾದ ಚಪ್ಪಲಿ ಸಾಕು. ಮಳೆಗಾಲವಾದರೆ ಕೊಡೆ ಮರೆಯಬೇಡಿ.