ಮಂಡಿಯಲ್ಲಿ ಕೂತ ನಾಲ್ವರು

ಕೋಲಾರದ ಎಪಿಎಂಸಿ ಅಂಗಳ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮುಳಬಾಗಿಲು ಕಡೆಯಿಂದ ಬಂದ ಟೆಂಪೊ ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ಹಮಾಲಿಗಳು 15 ಕೆಜಿಯ ಟೊಮ್ಯಾಟೊ ಬಾಕ್ಸ್‌ಗಳನ್ನು ಇಳಿಸಿ ಸಾಲಾಗಿ ಪೇರಿಸುತ್ತಿದ್ದಾರೆ. ಹರಾಜಿಗೆ ಹೊತ್ತಿದೆ. ಖಾಲಿ ಬಾಕ್ಸೊಂದನ್ನು ಬೋರಲು ಹಾಕಿ ಕೂತು ಕಣ್ಣು ಮುಚ್ಚುತ್ತೇನೆ.

ಐದನೆಯ ಶತಮಾನದಲ್ಲಿ ಸಿಂಹಳದಲ್ಲಿದ್ದ ಬುದ್ಧಘೋಷ ತನ್ನ ‘ವಿಶುದ್ಧಿಮಗ್ಗ’ದಲ್ಲಿ ಮೈತ್ರಿಯ ಅಭ್ಯಾಸಕ್ಕೊಂದು ಕ್ರಮ ಹೇಳಿದ್ದಾನೆ: ಮೊದಲು ತಾನು, ಆಮೇಲೆ ಪ್ರೀತಿಯವರು, ಆಮೇಲೆ ಯಾರೂ ಅಲ್ಲದವರು, ಕೊನೆಗೆ ವೈರಿ. ನನಗೆ ಒಳ್ಳೆಯದಾಗಲಿ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿರುವ ಅಮ್ಮನಿಗೆ ಒಳ್ಳೆಯದಾಗಲಿ. ಇಲ್ಲಿಯವರೆಗೆ ಮನಸ್ಸು ಎಳೆಯದೆ ಬರುತ್ತದೆ.

“ಅಣ್ಣಾ, ಆಕಡೆ ಸರ್ಕೊ.”

ಕಣ್ಣು ಬಿಟ್ಟರೆ ಹಮಾಲಿ. ತಲೆಗೆ ಸುತ್ತಿದ ಟವೆಲ್ಲು ಬೆವರಿಗೆ ತೊಯ್ದಿದೆ. ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು. ನನ್ನ ಮಾಲು ಎಷ್ಟೋ ಸಲ ಹೊತ್ತವರು, ಮುಖ ಈಗ ನೋಡುತ್ತಿದ್ದೇನೆ. ಇವರ ಸೊಂಟ ನೋಯದಿರಲಿ ಎಂದುಕೊಳ್ಳುತ್ತೇನೆ. ನಾಲ್ವರಲ್ಲಿ ಇವರೇ ಕಷ್ಟ ಅನಿಸುತ್ತದೆ. ವೈರಿಯಾದರೆ ಕರೆಯದೆಯೂ ನೆನಪಿಗೆ ಬರುತ್ತಾನೆ.

ನನ್ನ ವೈರಿ ಮಾಲೂರಿನಲ್ಲಿದ್ದಾರೆ. ಬಾಡಿಗೆ ಮನೆ ಕೇಳಲು ಹೋದಾಗ ಜಾತಿ ವಿಚಾರಿಸಿ ಗೇಟು ಹಾಕಿಕೊಂಡವರು. ಸಿಟ್ಟು ಇಳಿಯದಿದ್ದರೆ ಆತನಲ್ಲಿ ಒಂದಾದರೂ ಒಳ್ಳೆಯದನ್ನು ಹುಡುಕು ಎನ್ನುತ್ತದೆ ಗ್ರಂಥ. ಹುಡುಕುತ್ತೇನೆ. ಅವರ ಕಾಂಪೌಂಡಿನ ಮೇಲೆ ಹಕ್ಕಿಗಳಿಗೆ ಇಟ್ಟಿದ್ದ ನೀರಿನ ಬಟ್ಟಲು ಕಾಣುತ್ತದೆ. ಎದೆ ಇನ್ನಷ್ಟು ಉರಿಯುತ್ತದೆ. ಆದರೂ ಬಟ್ಟಲಿನಿಂದ ಕಣ್ಣು ಕೀಳುವುದಿಲ್ಲ. ಹಕ್ಕಿಯ ಬಾಯಾರಿಕೆ ಅರಿತ ಕೈ ಅದು.

ಅದೇ ಗ್ರಂಥದಲ್ಲಿ ಒಂದು ಪರೀಕ್ಷೆಯಿದೆ. ಈ ನಾಲ್ವರೂ ಒಟ್ಟಿಗೆ ಕೂತಿದ್ದಾರೆ. ಕಳ್ಳರು ಬಂದು, ಕೊಲ್ಲಲು ಒಬ್ಬನನ್ನು ಕೊಡು ಎನ್ನುತ್ತಾರೆ. ವೈರಿಯ ಕಡೆ ಬೆರಳು ಮಾಡಿದರೆ ಅಭ್ಯಾಸ ಕೈಗೂಡಿಲ್ಲ. ‘ನನ್ನನ್ನೇ ಒಯ್ಯಿರಿ’ ಎಂದರೂ ಕೈಗೂಡಿಲ್ಲ. ನಾಲ್ವರಲ್ಲಿ ಯಾರನ್ನೂ ಕೊಡಲು ಮನಸ್ಸು ಒಪ್ಪದಾಗಷ್ಟೇ ನಡುವಿನ ಗಡಿ ಅಳಿದಂತೆ.

ಹರಾಜಿನ ಕೂಗು ಏಳುತ್ತದೆ, ನಾನೂ ಏಳುತ್ತೇನೆ. ಕರುಣೆ ಇರುವವನು ತಗ್ಗಿ ನಡೆಯಬೇಕು ಎನ್ನುವವರು ಈ ಪರೀಕ್ಷೆಯನ್ನು ಓದಬೇಕು. ಆ ಮನೆಯವರಿಗೆ ಕೇಡು ಬಯಸಲಾರೆ, ನನ್ನ ಮಾನವನ್ನೂ ಬಿಟ್ಟುಕೊಡಲಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದ ಬಾಬಾಸಾಹೇಬರು ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ, ಮನುಷ್ಯರೆಲ್ಲ ಸಮಾನರೆಂದು ನಂಬುತ್ತೇನೆ ಎಂಬುದೂ ಇದೆ, ಎಲ್ಲ ಜೀವಿಗಳಿಗೆ ದಯೆ ತೋರುತ್ತೇನೆ ಎಂಬುದೂ ಇದೆ.