ಲ್ಯಾಪ್‌ಟಾಪಿಗೆ ವೇಗ ಕೊಡಲು ಹೋಗಿ ಒಂದು ರಾತ್ರಿ ಕಳೆದೆವು

ಬೆಳೆ ಪರಿಹಾರದ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ ಎಂದು ಗುಂಜಹಳ್ಳಿಯ ಕೆಲವು ರೈತರು 60 ಪುಟದ ಜೆರಾಕ್ಸ್ ತಂದುಕೊಟ್ಟರು. ತಕರಾರು ಅರ್ಜಿ ಕೊಡಲು ಮರುದಿನವೇ ಕೊನೆ. ಫೋಟೊದಲ್ಲಿರುವ ಕನ್ನಡ ಅಕ್ಷರ ಓದಿ ಟೈಪ್ ಮಾಡಿಕೊಡುವ ಟೆಸರಾಕ್ಟ್ ಎಂಬ ಉಚಿತ ಸಾಫ್ಟ್‌ವೇರ್ ನಮ್ಮ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿತ್ತು. ಓದುತ್ತಿತ್ತು, ಆದರೆ ಬಹಳ ನಿಧಾನ.

ಆಗ ನಮಗೊಂದು ಹುಚ್ಚು ಹಿಡಿಯಿತು. ಇದ್ದ ಪ್ಯಾಕೇಜ್ ತೆಗೆದು, ನಾವೇ ಕಂಪೈಲ್ ಮಾಡಿದರೆ ವೇಗ ಬರುತ್ತದೆ ಅಂದುಕೊಂಡೆವು.

ಮನುಷ್ಯ ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವುದೇ ಕಂಪೈಲರ್ ಕೆಲಸ. ಹೇಗೆ ತಿರುಗಿಸಬೇಕೆಂದು ಅದಕ್ಕೆ ಕೊಡುವ ಸೂಚನೆಗಳೇ ಫ್ಲ್ಯಾಗ್. 'ಓ2' ಅಂದರೆ ಹದವಾದ ವೇಗ, 'ಓ3' ಅಂದರೆ ಇನ್ನೂ ಎಳೆದು ದುಡಿಸು, 'ಮಾರ್ಚ್ ನೇಟಿವ್' ಅಂದರೆ ಈ ಪ್ರೊಸೆಸರಿಗೆ ಮಾತ್ರ ಹೊಂದುವಂತೆ ಮಾಡು. ನಾವು ಕೊನೆಯ ಎರಡನ್ನೂ ಹಾಕಿದೆವು. ನಡುವೆ ಕರೆಂಟ್ ಹೋಯಿತು, ಬ್ಯಾಟರಿಯೂ ಸತ್ತಿತು. ಮತ್ತೆ ಮೊದಲಿನಿಂದ ಶುರು. ಬೆಳಗಿನ ಜಾವ ಮುಗಿದಾಗ ಒಂದು ಪುಟ ಓದಿಸಿ ನೋಡಿದರೆ, ಮೊದಲಿಗೂ ಈಗಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಕಾರಣ ಆಮೇಲೆ ತಿಳಿಯಿತು. ಡೆಬಿಯನ್‌ನವರು ಪ್ಯಾಕೇಜುಗಳನ್ನು ಮೊದಲೇ 'ಓ2' ಹಾಕಿ ಕಟ್ಟಿರುತ್ತಾರೆ. ಟೆಸರಾಕ್ಟ್‌ನಲ್ಲಿ ಭಾರವಾದ ಲೆಕ್ಕದ ಭಾಗಗಳು ಬೇರೆ ಬೇರೆ ಪ್ರೊಸೆಸರಿಗೆ ಪ್ರತ್ಯೇಕವಾಗಿಯೇ ಇರುತ್ತವೆ. ಓಡುವಾಗ ಪ್ರೊಸೆಸರ್ ನೋಡಿ, ಹೊಂದುವುದನ್ನು ಅದೇ ಆರಿಸಿಕೊಳ್ಳುತ್ತದೆ.

ಅರ್ಧ ಪುಟಗಳನ್ನಾದರೂ ಓದಿಸಲಿ ಎಂದು ನಮ್ಮ ಬಿಲ್ಡನ್ನು ಮಾನವಿಯ ಗೆಳೆಯನಿಗೆ ಕಳಿಸಿದೆವು. ಅವನ ಫೋನ್ ಬಂತು: "ಅಣ್ಣಾ, ಇದು 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಅಂತದಲ್ರಿ, ನಾವೇನ್ ತಪ್ಪು ಮಾಡೀವಿ?" ತಪ್ಪು ನಮ್ಮದು. ನಮ್ಮ ಪ್ರೊಸೆಸರಿನಲ್ಲಿರುವ ಎವಿಎಕ್ಸ್2 ಎಂಬ ಸೌಲಭ್ಯ ಇಂಟೆಲ್‌ನಲ್ಲಿ ಬಂದದ್ದು 2013ರಲ್ಲಿ, ಅವನ ಕಂಪ್ಯೂಟರ್ ಅದಕ್ಕೂ ಹಳೆಯದು. ನೀರಾವರಿ ಹೊಲದ ಬೀಜ ಒಣಭೂಮಿಗೆ ಬಿತ್ತಿದ ಹಾಗಾಯಿತು. ಡೆಬಿಯನ್‌ನ ಸಾದಾ ಪ್ಯಾಕೇಜ್ ಇಬ್ಬರಲ್ಲೂ ಓಡುತ್ತಿತ್ತು.

ಕೊನೆಗೆ ಕಟ್ಟೆಯ ಮೇಲೆ ಆರು ಜನ ಕೂತು, ತಲಾ ಹತ್ತು ಪುಟ ಹಂಚಿಕೊಂಡು, ಬೆರಳಿಟ್ಟು ಓದಿದೆವು. ಮಧ್ಯಾಹ್ನದೊಳಗೆ ಬಿಟ್ಟುಹೋದ ಹೆಸರೆಲ್ಲ ಸಿಕ್ಕವು, ಅರ್ಜಿಯೂ ಹೋಯಿತು. ರಾತ್ರಿಯೇ ಹೀಗೆ ಕೂತಿದ್ದರೆ ಆ ರೈತರು ಬೆಳಗಿನವರೆಗೆ ಚಿಂತೆಯಲ್ಲಿ ಕಾಯಬೇಕಿರಲಿಲ್ಲ.

ವೇಗ ಸಿಕ್ಕಿದ್ದು ಇನ್ನೊಂದು ದಿನ, ಬೇರೆ ದಾರಿಯಲ್ಲಿ. ಟೆಸರಾಕ್ಟ್‌ಗೆ ಕನ್ನಡದ 'ಬೆಸ್ಟ್' ಮತ್ತು 'ಫಾಸ್ಟ್' ಎಂಬ ಎರಡು ಮಾದರಿಗಳಿವೆ. ನಾವು ನಿಧಾನದ 'ಬೆಸ್ಟ್' ಹಾಕಿಕೊಂಡಿದ್ದೆವು. 'ಫಾಸ್ಟ್'ಗೆ ಬದಲಿಸಿ, ಫೋಟೊಗಳನ್ನು ಹಗಲ ಬೆಳಕಿನಲ್ಲಿ ನೇರವಾಗಿ ತೆಗೆದಾಗ ಕೆಲಸ ಸರಾಗವಾಯಿತು.

ಫ್ಲ್ಯಾಗ್ ದಂಡ ಅನ್ನುತ್ತಿಲ್ಲ. ದಿನವಿಡೀ ಒಂದೇ ಲೆಕ್ಕ ಓಡಿಸುವವರಿಗೆ, ತಮ್ಮ ಯಂತ್ರಕ್ಕೆ ಮಾತ್ರ ಕಟ್ಟಿಕೊಳ್ಳುವವರಿಗೆ ಲಾಭ ಸಿಗಬಹುದು. ಆದರೆ ಮೊದಲು 'ಟೈಮ್' ಕಮಾಂಡ್ ಹಾಕಿ ಅಳೆಯಿರಿ, ಹೊತ್ತು ಎಲ್ಲಿ ಹೋಗುತ್ತಿದೆ ನೋಡಿರಿ. ನಾವು ಅಳೆಯದೆ ದುಡಿದು ಕೆಟ್ಟೆವು.