ಮೇಷ್ಟ್ರ ದಂತ್ಯಾಕ್ಷರಗಳು

ಭೈರವಾನಿತಿಪ್ಪದ ನಿವೃತ್ತ ಕನ್ನಡ ಮೇಷ್ಟ್ರಿಗೆ ತಮ್ಮ ಕಾಯಿಲೆಯ ಅರಿವಾದದ್ದು ನೋವಿನಿಂದಲ್ಲ, ಉಚ್ಚಾರಣೆಯಿಂದ. ಸಂಜೆ ಮನೆಗೆ ಬರುವ ಮಕ್ಕಳಿಗೆ ವರ್ಗೀಯ ವ್ಯಂಜನಗಳನ್ನು ಹೇಳಿಕೊಡುವಾಗ ಒಂದು ದಿನ ತಕಾರ ಎಂದಿನಂತೆ ಹೊರಡಲಿಲ್ಲ. ನಾಲಿಗೆಯ ತುದಿ ಒತ್ತಿದರೆ ಮೇಲಿನ ಮುಂಬಲ್ಲೊಂದು ಅಲುಗುತ್ತಿತ್ತು. ಆಂಧ್ರದೊಳಗಿದ್ದೂ ಕನ್ನಡದ ಉಚ್ಚಾರವನ್ನು ಕಾಯ್ದುಕೊಂಡ ಅಭಿಮಾನ ಅವರದು. ತೆಲುಗಿನ ‘ಚಲಿ’ಯಲ್ಲಿ ಚಕಾರ ಹಲ್ಲಿನ ಬೆನ್ನಿಗೆ ತಗುಲಿ ಹುಟ್ಟುತ್ತದೆ, ಮರಾಠಿಯ ‘ಚಾಂಗಲಾ’ದಲ್ಲಿಯೂ ಹಾಗೆಯೇ; ಕನ್ನಡದ ಚಕಾರ ಮಾತ್ರ ತಾಲವ್ಯ. ಈ ಭೇದವನ್ನು ಬಾಯಿ ತೆರೆದು ತೋರಿಸುತ್ತಿದ್ದರು. ತೋರಿಸಲು ಹಲ್ಲು ಬೇಕಲ್ಲ!

ಹಲ್ಲುಜ್ಜುವಾಗ ವಸಡಿನಿಂದ ರಕ್ತ ಒಸರುವುದು ಎರಡು ವರ್ಷ ಮೊದಲೇ ಆರಂಭವಾಗಿತ್ತು. ಔಷಧದ ಅಂಗಡಿಯಿಂದ ತಂದ ಗುಲಾಬಿ ಬಣ್ಣದ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಅವರು ಬಾಯಿ ಮುಕ್ಕಳಿಸತೊಡಗಿದರು. ದುರ್ಗಂಧ ಅಡಗಿತು, ರಕ್ತ ಕಡಿಮೆಯಾಯಿತು, ಗುಣವಾಯಿತೆಂದೇ ತಿಳಿದರು. ತಿಂಗಳುಗಟ್ಟಲೆ ಬಳಸಿದ್ದರಿಂದ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿದವು. ಅನಂತಪುರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡು ಹೆಚ್ಚೆಂಬುದು ಎಲ್ಲರಿಗೂ ಗೊತ್ತು. ಇದೂ ನೀರಿನ ಕಲೆಯೇ ಎಂದರು ಊರವರು. ಆದರೆ ಫ್ಲೋರೈಡಿನ ಕಲೆ ಬಾಲ್ಯದಲ್ಲಿ, ಹಲ್ಲು ರೂಪುಗೊಳ್ಳುವಾಗ ಮೂಡುವಂಥದು. ಅರವತ್ತು ದಾಟಿದವರಿಗೆ ಹೊಸದಾಗಿ ಬರುವುದಲ್ಲ.

ಬಳ್ಳಾರಿಯ ದಂತವೈದ್ಯೆ ಗೆರೆಗಳಿದ್ದ ಸಣ್ಣ ಸಲಾಕೆಯನ್ನು ಹಲ್ಲು ವಸಡುಗಳ ಸಂದಿಗೆ ಇಳಿಸಿದರು. ಆರೋಗ್ಯವಂತ ವಸಡಿನಲ್ಲಿ ಅದು 3 ಮಿಲಿಮೀಟರಿಗಿಂತ ಆಳಕ್ಕೆ ಹೋಗದು. ಇಲ್ಲಿ 6ರವರೆಗೆ ಹೋಯಿತು. ಮುಕ್ಕಳಿಸಿದ ದ್ರಾವಣ ಅಷ್ಟು ಕೆಳಗೆ ತಲುಪುವುದಿಲ್ಲ. ಬೇರಿಗೆ ಅಂಟಿ ಕಲ್ಲಾದ ಕಿಟ್ಟವನ್ನು ಕರಗಿಸುವುದೂ ಇಲ್ಲ. “ಅಂಗಳಕ್ಕೆ ನೀರು ಹಾಕಿದ್ದೀರಿ ಮೇಷ್ಟ್ರೇ, ಕಸ ನಡುಮನೆಯಲ್ಲೇ ಇದೆ” ಎಂದರು ಆಕೆ.

ವಸಡನ್ನು ಮರಗಟ್ಟಿಸಿ, ಒಂದು ವಾರ ಬಲಭಾಗ, ಮರುವಾರ ಎಡಭಾಗ, ಬೇರಿನ ಮೇಲಿನ ಕಿಟ್ಟವನ್ನೆಲ್ಲ ಕೆರೆದು ತೆಗೆದರು. ಕೊನೆಗೆ ಅದೇ ಗುಲಾಬಿ ದ್ರಾವಣವನ್ನು ಬರೆದುಕೊಟ್ಟಾಗ ಮೇಷ್ಟ್ರು ಬೆರಗಾದರು. ನೊಂದ ವಸಡಿಗೆ ಬ್ರಷ್ಷು ಸರಿಯಾಗಿ ತಾಗಿಸಲಾಗದ ದಿನಗಳಲ್ಲಿ ಹೊಸ ಪಾಚಿ ಕಟ್ಟದಂತೆ ತಡೆಯುವುದು ಈಗ ಅದರ ಕೆಲಸ. ಶೇಕಡ 0.2ರ ದ್ರಾವಣ, 10 ಮಿಲಿ, ದಿನಕ್ಕೆ ಎರಡು ಸಲ, ಒಂದೊಂದು ನಿಮಿಷ. ಅದೂ ಎರಡೇ ವಾರ. ಪೇಸ್ಟಿನಲ್ಲಿ ನೊರೆ ಬರಿಸುವ ವಸ್ತು ಅದರ ಶಕ್ತಿಯನ್ನು ಕುಂದಿಸುವುದರಿಂದ ಹಲ್ಲುಜ್ಜಿದ ಅರ್ಧ ಗಂಟೆಯ ಬಳಿಕ. ಕೆರೆಯುವುದರಿಂದ ಆಗುವ ಗುಣಕ್ಕೆ ಅದು ಸೇರಿಸುವುದು ಸ್ವಲ್ಪವೇ ಎಂಬುದನ್ನೂ ವೈದ್ಯೆ ಮುಚ್ಚಿಡಲಿಲ್ಲ.

ಒಂದೂವರೆ ತಿಂಗಳ ಬಳಿಕ ಸಲಾಕೆ 4ಕ್ಕೆ ನಿಂತಿತು. ಕಂದು ಕಲೆ ಹೋಯಿತು, ಅಲುಗುತ್ತಿದ್ದ ಹಲ್ಲು ಉಳಿಯಿತು. ಆದರೆ ಬಾವು ಇಳಿದ ವಸಡು ಮೇಲಕ್ಕೆ ಸರಿದು ಹಲ್ಲುಗಳ ನಡುವೆ ಸಂದು ಬಿಟ್ಟಿದೆ, ತಣ್ಣೀರು ಜುಮ್ಮೆನ್ನಿಸುತ್ತದೆ. ತಕಾರ ಮರಳಿದೆ, ಸಕಾರದಲ್ಲಿ ಮಾತ್ರ ತುಸು ಸೀಟಿ ಸೇರಿಕೊಂಡಿದೆ. ಮಕ್ಕಳು ಅದನ್ನೂ ಕಲಿತುಬಿಟ್ಟಾರೆಂದು, ಸಕಾರದ ಸರದಿ ಬಂದಾಗ ಮೇಷ್ಟ್ರು ಗೋಡೆಯ ಕರಿಹಲಗೆಯತ್ತ ತಿರುಗಿ ಸುಮ್ಮನೆ ಅಕ್ಷರ ಬರೆಯುತ್ತಾರೆ.